ಆಪರೇಷನ್ ಬೇಡ ಅಂದರೆ ಕೈಬಿಟ್ಟೆವು ಅಂತಲ್ಲ



ಕೆಲವು ವರ್ಷಗಳ ಹಿಂದೆ ಕೊಪ್ಪಳ ಸೀಮೆಯ ಒಂದು ಹಳ್ಳಿಯಿಂದ ಒಬ್ಬ ಮಗ ತನ್ನ ತಾಯಿಯನ್ನು ಕರೆದುಕೊಂಡು ನಮ್ಮ ಓಪಿಡಿಗೆ ಬಂದಿದ್ದ. ತಾಯಿಗೆ ಐವತ್ತು ದಾಟಿತ್ತು. ಮುಟ್ಟು ನಿಂತು ನಾಲ್ಕು ವರ್ಷವಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಿತ್ತು. ‘ಮತ್ತ ಹೊರಗಾಗಾಕ ಹತ್ತೀನಿ ಅಂತ ತಿಳ್ಕೊಂಡೆ ಬಾಯಾರ’ ಅಂದರು ಆ ತಾಯಿ. ಏಳು ತಿಂಗಳು ಯಾರಿಗೂ ಹೇಳಲಿಲ್ಲ. ಹಳೆ ಸೀರೆ ಹರಿದು ಬಟ್ಟೆ ಮಾಡಿಕೊಂಡು ಹೊಲದ ಕೆಲಸಕ್ಕೆ ಹೋಗುತ್ತಲೇ ಇದ್ದರು. ಆಮೇಲೆ ವಾಸನೆ ಶುರುವಾಯಿತು, ಟೊಂಕದ ನೋವು ರಾತ್ರಿಯ ನಿದ್ದೆ ಕೆಡಿಸಿತು. ಸೊಸೆಗೆ ಗೊತ್ತಾಯಿತು, ಸೊಸೆಯಿಂದ ಮಗನಿಗೆ. ನಾನು ಪರೀಕ್ಷೆ ಮಾಡಿದಾಗ ಗಡ್ಡೆ ಗರ್ಭಕೋಶದ ಕೊರಳನ್ನೆಲ್ಲ ತುಂಬಿಕೊಂಡು ಬಲಕ್ಕೆ ಹಬ್ಬಿ, ಸೊಂಟದ ಎಲುಬಿನ ಗೋಡೆಗೆ ಅಂಟಿಕೊಂಡಿತ್ತು. ಸ್ಕ್ಯಾನಿನಲ್ಲಿ ಬಲಗಡೆಯ ಕಿಡ್ನಿ ಊದಿತ್ತು.

ಮಗ ಕೈಮುಗಿದು ಕೇಳಿದ. ‘ಡಾಕ್ಟರ್ ಬಾಯಾರ, ಚೀಲ ತಗದ್ ಬಿಡ್ರಿ. ಖರ್ಚಿಗೆ ಅಂಜಬ್ಯಾಡ್ರಿ, ಎತ್ತು ಮಾರ್ತೀನಿ.’

‘ಇದಕ್ಕ ಆಪರೇಷನ್ ಬ್ಯಾಡಪಾ. ಕರೆಂಟ್ ಕೊಡೂಣು, ಜೊತಿಗೆ ವಾರಕ್ಕೊಂದ್ ಸಲ ಕೀಮೋ ಬಾಟ್ಲಿ ಹಾಕೂಣು’ ಅಂದೆ.

ಅವನು ತಾಯಿಯ ಕಡೆ ಒಮ್ಮೆ ನೋಡಿ ದನಿ ಇಳಿಸಿದ. ‘ಅಂದ್ರ ಕೈ ಮೀರೇತೇನ್ರಿ?’

ಇಲ್ಲ, ಮೀರಿಲ್ಲ ಎಂದು ಇಪ್ಪತ್ತು ನಿಮಿಷ ತಿಳಿಸಿ ಹೇಳಿದೆ. ಇಬ್ಬರೂ ತಲೆ ಆಡಿಸಿದರು, ಸೋಮವಾರ ಬರುತ್ತೇವೆ ಅಂದರು. ಆ ಸೋಮವಾರ ಬರಲಿಲ್ಲ, ಮುಂದಿನ ಸೋಮವಾರವೂ ಬರಲಿಲ್ಲ. ಮೂರು ತಿಂಗಳಾದ ಮೇಲೆ ಬಂದರು. ಬೇರೆ ಯಾವುದೋ ಊರಿನಲ್ಲಿ ಗರ್ಭಕೋಶ ತೆಗೆಸಿಕೊಂಡಿದ್ದರು. ಹೊಟ್ಟೆಯ ಹೊಲಿಗೆ ಚೆನ್ನಾಗಿಯೇ ಮಾಗಿತ್ತು. ಆದರೆ ಒಳಗೆ ಗಡ್ಡೆ ಮೊದಲಿಗಿಂತ ದೊಡ್ಡದಾಗಿತ್ತು, ಮೂತ್ರ ತಡೆಯಿಲ್ಲದೆ ಹಗಲೂ ರಾತ್ರಿ ಸೋರುತ್ತಿತ್ತು. ಆ ಮಗ ತಾಯಿಗಾಗಿ ಎತ್ತು ಮಾರಿದ್ದ. ಅವನ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಆಪರೇಷನ್ ಇಲ್ಲ ಎಂಬ ನನ್ನ ಮಾತು ಅವನ ಕಿವಿಗೆ ಆಸೆ ಇಲ್ಲ ಎಂದು ಕೇಳಿಸಿತ್ತು.

ಆ ದಿನದಿಂದ ನನಗೆ ಈ ಒಂದು ವಿಷಯವನ್ನು ಆದಷ್ಟು ಜನರ ಮುಂದೆ ಹೇಳಬೇಕು ಅನ್ನಿಸಿದೆ. ನಾನು ಶಸ್ತ್ರಚಿಕಿತ್ಸೆಯವಳು. ಕತ್ತರಿ, ಚಾಕು ಹಿಡಿದೇ ಇಷ್ಟು ವರ್ಷ ಬದುಕಿದವಳು. ಅದಕ್ಕೇ ಈ ಮಾತು ನನ್ನ ಬಾಯಿಂದಲೇ ಬರಲಿ: ಬೆಳೆದು ಹಬ್ಬಿದ ಗರ್ಭಕೊರಳಿನ ಕ್ಯಾನ್ಸರಿಗೆ ಮೊದಲ ಮದ್ದು ಚಾಕು ಅಲ್ಲ, ವಿಕಿರಣ. ನಮ್ಮ ಜನ ಕರೆಂಟು ಎಂದು ಕರೆಯುತ್ತಾರಲ್ಲ, ಅದು. ಚಾಕುವಿಗೂ ಈ ಕಾಯಿಲೆಯಲ್ಲಿ ಜಾಗವಿದೆ. ಅದು ಯಾವ ಜಾಗ ಎಂಬುದನ್ನೂ ಹೇಳುತ್ತೇನೆ.

ಮೊದಲು ಒಳಗಿನ ನೆಲೆ ತಿಳಿಯಬೇಕು. ಸಣ್ಣದೊಂದು ಸೋರೆಬುರುಡೆಯನ್ನು ಬಾಯಿ ಕೆಳಗೆ ಮಾಡಿ ಹಿಡಿದರೆ ಹೇಗೋ ಗರ್ಭಕೋಶ ಹಾಗೆ. ಕೆಳಗಿನ ಸಪೂರ ಭಾಗವೇ ಕೊರಳು. ಅದರ ಮುಂದೆ ಮೂತ್ರಕೋಶ ಅಂಟಿಕೊಂಡಿದೆ, ಹಿಂದೆ ಗುದನಾಳ. ಎಡಕ್ಕೂ ಬಲಕ್ಕೂ ಕಿಡ್ನಿಯಿಂದ ಇಳಿದು ಬರುವ ಎರಡು ಮೂತ್ರನಾಳಗಳು ಕೊರಳಿನಿಂದ ಸುಮಾರು ಎರಡು ಸೆಂಟಿಮೀಟರಿನಷ್ಟೇ ದೂರದಲ್ಲಿ ಹಾಯ್ದು ಹೋಗುತ್ತವೆ. ಇಷ್ಟು ಒತ್ತಾದ ಜಾಗ ದೇಹದಲ್ಲಿ ಕಡಿಮೆ. ಕ್ಯಾನ್ಸರ್ ತೆಗೆಯುವುದೆಂದರೆ ಗಡ್ಡೆಯ ಸುತ್ತ ಒಂದಿಷ್ಟು ಒಳ್ಳೆಯ ಮಾಂಸವನ್ನೂ ಸೇರಿಸಿ ತೆಗೆಯುವುದು. ಅಂಚಿನಲ್ಲಿ ಒಂದು ಎಳೆ ಉಳಿದರೂ ಅದು ಮತ್ತೆ ಚಿಗುರುತ್ತದೆ. ಗಡ್ಡೆ ಕೊರಳಿನ ಒಳಗೇ ಇದ್ದಾಗ ಈ ಅಂಚು ಸಿಗುತ್ತದೆ. ಪಕ್ಕದ ಊತಕಕ್ಕೆ ಹಬ್ಬಿ ಎಲುಬಿನ ಗೋಡೆ ಮುಟ್ಟಿತೆಂದರೆ ಯಾವ ಕೈಚಳಕದವರಿಗೂ ಆ ಅಂಚು ಸಿಗುವುದಿಲ್ಲ. ಎಲುಬನ್ನು ಕತ್ತರಿಸಿ ತೆಗೆಯಲಾಗುವುದಿಲ್ಲವಲ್ಲ.

ಈ ಹಬ್ಬುವಿಕೆಯನ್ನೇ ನಾವು ಹಂತಗಳಲ್ಲಿ ಅಳೆಯುತ್ತೇವೆ. ಕೊರಳಿನಲ್ಲೇ ಇದ್ದರೆ ಒಂದನೆಯ ಹಂತ. ಯೋನಿಯ ಮೇಲ್ಭಾಗಕ್ಕೋ ಪಕ್ಕದ ಊತಕಕ್ಕೋ ಇಳಿದರೆ ಎರಡು. ಯೋನಿಯ ಕೆಳಭಾಗ, ಸೊಂಟದ ಗೋಡೆ ಮುಟ್ಟಿದರೆ ಅಥವಾ ಮೂತ್ರನಾಳ ಒತ್ತಿ ಕಿಡ್ನಿ ಊದಿದರೆ ಮೂರು. ಸೊಂಟದೊಳಗಿನ ಅಥವಾ ಬೆನ್ನುಮೂಳೆಯ ಮುಂದಿನ ದುಗ್ಧಗ್ರಂಥಿಗಳಲ್ಲಿ ರೋಗ ಸಿಕ್ಕರೂ ಅದು ಮೂರನೆಯ ಹಂತವೇ ಎಂದು 2018ರಲ್ಲಿ ಸ್ತ್ರೀರೋಗ ವೈದ್ಯರ ಅಂತರರಾಷ್ಟ್ರೀಯ ಒಕ್ಕೂಟ ನಿಯಮ ತಿದ್ದಿತು. ಮೂತ್ರಕೋಶ ಅಥವಾ ಗುದನಾಳದ ಒಳಗೇ ಹೊಕ್ಕರೆ, ಇಲ್ಲವೇ ಶ್ವಾಸಕೋಶ, ಪಿತ್ತಜನಕಾಂಗಗಳಿಗೆ ಹೋದರೆ ನಾಲ್ಕು. ಎರಡನೆಯ ಹಂತದ ಕೊನೆಯ ಭಾಗದಿಂದ ಆಚೆಗೆ, ಒಂದನೆಯ ಹಂತದಲ್ಲೇ ಆದರೂ ಗಡ್ಡೆ 4 ಸೆಂಟಿಮೀಟರ್ ಮೀರಿದರೆ, ನಾನು ಇವತ್ತು ಹೇಳುತ್ತಿರುವ ಬೆಳೆದ ಕ್ಯಾನ್ಸರ್ ಅದು. 2022ರ ಅಂದಾಜಿನಂತೆ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 1,27,000 ಹೆಂಗಸರಲ್ಲಿ ಈ ಕಾಯಿಲೆ ಹೊಸದಾಗಿ ಪತ್ತೆಯಾಗುತ್ತದೆ, ಸುಮಾರು 80,000 ಮಂದಿ ಸಾಯುತ್ತಾರೆ. ನಮ್ಮ ಓಪಿಡಿಯ ಬೆಂಚಿನ ಮೇಲೆ ಕೂತವರಲ್ಲಿ ಹೆಚ್ಚಿನವರು ಬೆಳೆದ ಹಂತದವರೇ.

ಸಣ್ಣ ಗಡ್ಡೆಯವರಿಗೆ ಆಪರೇಷನ್ ಒಳ್ಳೆಯ ಮದ್ದು, ಅದರಲ್ಲಿ ಎರಡು ಮಾತಿಲ್ಲ. ಅದನ್ನು ನಾವು ಮಾಡುತ್ತಲೇ ಇದ್ದೇವೆ. ಹೊಟ್ಟೆ ಕೊಯ್ಯದೆ ತೂತು ಮಾಡಿ ತೆಗೆಯುತ್ತೀರಾ ಎಂದು ಕೇಳುವವರು ಬಹಳ. 2018ರಲ್ಲಿ 631 ಹೆಂಗಸರ ಮೇಲೆ ನಡೆದ ಒಂದು ಅಧ್ಯಯನ ಹೊರಬಂತು. ಹೊಟ್ಟೆ ತೆರೆದು ಮಾಡಿದವರಲ್ಲಿ ನಾಲ್ಕೂವರೆ ವರ್ಷದ ಹೊತ್ತಿಗೆ ರೋಗವಿಲ್ಲದೆ ಇದ್ದವರು ನೂರಕ್ಕೆ 96.5, ತೂತಿನ ಆಪರೇಷನ್ನಿನಲ್ಲಿ 86. ಅಲ್ಲಿಂದೀಚೆಗೆ ನಾನು ಹೊಟ್ಟೆ ತೆರೆದೇ ಮಾಡುತ್ತೇನೆ. ಗಾಯದ ಗುರುತು ದೊಡ್ಡದಾದರೂ ಚಿಂತೆಯಿಲ್ಲ.

ಈ ಚಾಕುವಿನ ಮತ್ತು ಕರೆಂಟಿನ ಕತೆ ಒಂದೇ ವರ್ಷದಲ್ಲಿ ಹುಟ್ಟಿತು. 1898ರ ನವೆಂಬರ್ 16ರಂದು ವಿಯೆನ್ನಾದಲ್ಲಿ ಎರ್ನ್ಸ್ಟ್ ವೆರ್ತೈಮ್ ಎಂಬ ವೈದ್ಯ ಗರ್ಭಕೋಶದ ಜೊತೆಗೆ ಅದರ ಪಕ್ಕದ ಊತಕ, ಯೋನಿಯ ಮೇಲ್ಭಾಗ, ಗ್ರಂಥಿಗಳನ್ನೂ ಸೇರಿಸಿ ತೆಗೆಯುವ ತನ್ನ ದೊಡ್ಡ ಆಪರೇಷನ್ನನ್ನು ಮೊದಲ ಬಾರಿಗೆ ಮಾಡಿದ. ರಕ್ತ ಏರಿಸುವುದು, ಆಂಟಿಬಯೋಟಿಕ್ ಏನೂ ಇಲ್ಲದ ಕಾಲ. ಮೊದಮೊದಲು ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಹೆಂಗಸರು ಆಪರೇಷನ್ನಿನಿಂದಲೇ ತೀರಿಕೊಂಡರು. ಆದರೂ ಬೇರೆ ದಾರಿಯಿಲ್ಲದ ಕಾಯಿಲೆ ಎಂದು ಅವನು ಬಿಡದೆ ಮಾಡಿದ. 1911ರಲ್ಲಿ 500 ರೋಗಿಗಳ ಲೆಕ್ಕ ಪ್ರಕಟಿಸಿದ. ಅದೇ 1898ರ ಡಿಸೆಂಬರ್ 26ರಂದು, ಅಂದರೆ ವೆರ್ತೈಮನ ಆಪರೇಷನ್ನಾಗಿ ನಲವತ್ತು ದಿನಕ್ಕೆ, ಪ್ಯಾರಿಸ್ಸಿನಲ್ಲಿ ಮೇರಿ ಮತ್ತು ಪಿಯರ್ ಕ್ಯೂರಿ ರೇಡಿಯಂ ಎಂಬ ಹೊಸ ಧಾತುವಿನ ಸುದ್ದಿ ಸಾರಿದರು. ಐದು ವರ್ಷ ಕಳೆಯುವುದರೊಳಗೆ, 1903ರಲ್ಲಿ, ಅಮೆರಿಕದ ಮಾರ್ಗರೆಟ್ ಕ್ಲೀವ್ಸ್ ಎಂಬ ವೈದ್ಯೆ ರೇಡಿಯಮ್ಮನ್ನು ಗರ್ಭಕೊರಳಿನ ಕ್ಯಾನ್ಸರಿಗೆ ಇಟ್ಟು ನೋಡಿದರು. ಆವತ್ತಿನಿಂದ ಈ ಎರಡು ದಾರಿಗಳು ಅಕ್ಕಪಕ್ಕದಲ್ಲೇ ಸಾಗಿಬಂದಿವೆ.

ನಮ್ಮ ದೇಶವೂ ಈ ಕತೆಯಲ್ಲಿದೆ. ಕೋಲ್ಕತ್ತದ ಡಾ. ಸುಬೋಧ್ ಮಿತ್ರ ಯೋನಿಯ ಮೂಲಕ ಗರ್ಭಕೋಶವನ್ನೂ, ಹೊಟ್ಟೆಯ ಪೊರೆ ತೆರೆಯದೆ ಪಕ್ಕದಿಂದ ಗ್ರಂಥಿಗಳನ್ನೂ ತೆಗೆಯುವ ವಿಧಾನ ರೂಪಿಸಿದರು. ಜಗತ್ತಿನ ಪುಸ್ತಕಗಳಲ್ಲಿ ಅದಕ್ಕೆ ಮಿತ್ರ ಆಪರೇಷನ್ ಎಂದೇ ಹೆಸರು. ಅವರು ಕಟ್ಟಿ ಬೆಳೆಸಿದ ಚಿತ್ತರಂಜನ್ ಕ್ಯಾನ್ಸರ್ ಆಸ್ಪತ್ರೆಯನ್ನು 1950ರ ಜನವರಿಯಲ್ಲಿ ಉದ್ಘಾಟಿಸಿದವರು ಮೇರಿ ಕ್ಯೂರಿಯ ಮಗಳು ಐರೀನ್ ಜೋಲಿಯೊ-ಕ್ಯೂರಿ. ಚಾಕುವಿನಲ್ಲಿ ಅಷ್ಟು ಪಳಗಿದ ವೈದ್ಯ ರೇಡಿಯಮ್ಮಿನ ಮನೆಯ ಮಗಳನ್ನು ಕರೆಸಿ ಬಾಗಿಲು ತೆರೆಸಿದರು. ಅದು ನನಗೆ ತುಂಬ ಇಷ್ಟದ ಸಂಗತಿ.

ಹಾಗಾದರೆ ಎರಡೂ ಇದ್ದರೆ ಎರಡನ್ನೂ ಮಾಡಬಾರದೇಕೆ, ಮೊದಲು ಗಡ್ಡೆ ತೆಗೆದು ಆಮೇಲೆ ಕರೆಂಟು ಕೊಟ್ಟರಾಯಿತಲ್ಲ ಎಂದು ಓದಿದವರೂ ಕೇಳುತ್ತಾರೆ. ಇಟಲಿಯಲ್ಲಿ 343 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಆಪರೇಷನ್, ಇನ್ನೊಂದಕ್ಕೆ ವಿಕಿರಣ ಕೊಟ್ಟು ನೋಡಿದರು. ಫಲಿತಾಂಶ 1997ರಲ್ಲಿ ಬಂತು. ಇವರಲ್ಲಿ ಹೆಚ್ಚಿನವರು ಬೆಳೆದ ಹಂತದವರೂ ಅಲ್ಲ. ಐದು ವರ್ಷದ ಬದುಕು ಎರಡೂ ಕಡೆ ನೂರಕ್ಕೆ 83, ಸರಿಸಮ. ಆದರೆ ಗಡ್ಡೆ 4 ಸೆಂಟಿಮೀಟರ್ ಮೀರಿದ್ದು ಆಪರೇಷನ್ ಮಾಡಿಸಿಕೊಂಡ 55 ಹೆಂಗಸರಲ್ಲಿ 46 ಮಂದಿಗೆ ಆಮೇಲೆ ವಿಕಿರಣವನ್ನೂ ಕೊಡಬೇಕಾಯಿತು. ಕೊಯ್ದ ಜಾಗಕ್ಕೆ ಕರೆಂಟು ಬಿದ್ದಾಗ ಕರುಳು ಅಂಟುತ್ತದೆ, ಮೂತ್ರನಾಳ ಮುದುಡುತ್ತದೆ, ಕಾಲು ಬಾತುಕೊಂಡು ಇಳಿಯುವುದೇ ಇಲ್ಲ. ತೀವ್ರವಾದ ತೊಂದರೆ ಆದವರು ಆಪರೇಷನ್ ಗುಂಪಿನಲ್ಲಿ ನೂರಕ್ಕೆ 28, ವಿಕಿರಣದಲ್ಲಿ 12.

ಇನ್ನೊಂದು ಕಾರಣ ನಮ್ಮ ಜನಕ್ಕೆ ಯಾರೂ ಹೇಳಿಯೇ ಇಲ್ಲ. ಹೊರಗಿನಿಂದ ಯಂತ್ರ ಕೊಡುವ ಕರೆಂಟು ಅರ್ಧ ಚಿಕಿತ್ಸೆ ಮಾತ್ರ. ಐದು ವಾರ ಅದು ನಡೆದ ಮೇಲೆ ಒಳಗಿನ ಕರೆಂಟು ಬರುತ್ತದೆ, ಬ್ರಾಕಿಥೆರಪಿ ಎನ್ನುತ್ತೇವೆ. ಕೊರಳಿನ ಬಾಯಿಯ ಮೂಲಕ ಗರ್ಭಕೋಶದೊಳಕ್ಕೆ ಸಣ್ಣದೊಂದು ಕೊಳವೆ ಇಡುತ್ತೇವೆ. ತಂತಿಯ ತುದಿಯಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಇರಿಡಿಯಂ ತುಣುಕು ಆ ಕೊಳವೆಯೊಳಗೆ ಹೋಗಿ, ಕೆಲವು ನಿಮಿಷ ನಿಂತು, ಗಡ್ಡೆಯ ನಡುಮಧ್ಯದಿಂದಲೇ ಅದನ್ನು ಸುಡುತ್ತದೆ. ಹತ್ತಿರದಲ್ಲಿ ಬಹಳ ತೀಕ್ಷ್ಣ, ಸ್ವಲ್ಪ ದೂರ ಸರಿದರೆ ಮಂದ. ಹಾಗಾಗಿ ಮೂತ್ರಕೋಶ, ಕರುಳು ಬಚಾವಾಗುತ್ತವೆ. ಗಮನವಿಟ್ಟು ಕೇಳಿ: ಆ ಕೊಳವೆಗೆ ಆಸರೆ ಗರ್ಭಕೋಶವೇ. ಹಳೆಯ ಮನೆಗಳಲ್ಲಿ ಗೋಡೆಯಲ್ಲೇ ದೀಪ ಇಡುವ ಗೂಡು ಇರುತ್ತಿತ್ತಲ್ಲ, ಹಾಗೆ. ಗರ್ಭಕೋಶ ತೆಗೆದುಹಾಕಿದರೆ ದೀಪ ಇಡುವ ಗೂಡನ್ನೇ ಒಡೆದಂತೆ. ಖಾಲಿಯಾದ ಆ ಜಾಗಕ್ಕೆ ಸಣ್ಣ ಕರುಳು ಇಳಿದು ಬಂದು ಕೂರುತ್ತದೆ, ಬೇಕಾದಷ್ಟು ಕರೆಂಟು ಕೊಡಲು ಹೊರಟರೆ ಕರುಳು ಸುಡುತ್ತದೆ. ಕೊಪ್ಪಳದ ಆ ತಾಯಿ ಮತ್ತೆ ಬಂದಾಗ ನಮ್ಮ ಕೈ ಕಟ್ಟಿದ್ದು ಇದೇ.

ಮೊದಲು ಕೀಮೋ ಕೊಟ್ಟು ಗಡ್ಡೆ ಸಣ್ಣದು ಮಾಡಿ, ಆಮೇಲೆ ಆಪರೇಷನ್ ಮಾಡಿದರೆ ಹೇಗೆ? ಈ ಆಸೆ ಸರ್ಜನ್ನರಿಗೆ ಬಹಳ ಕಾಲ ಇತ್ತು, ನನಗೂ ಇತ್ತು. ಇದಕ್ಕೆ ಉತ್ತರ ಕೊಟ್ಟವರು ನಮ್ಮದೇ ದೇಶದ ಹೆಂಗಸರು. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ 2003ರಿಂದ 2015ರವರೆಗೆ 635 ಮಂದಿ ಈ ಪರೀಕ್ಷೆಗೆ ಒಪ್ಪಿದರು. ಒಂದು ಗುಂಪಿಗೆ ಮೂರು ಸುತ್ತು ಕೀಮೋ, ಆಮೇಲೆ ದೊಡ್ಡ ಆಪರೇಷನ್. ಇನ್ನೊಂದು ಗುಂಪಿಗೆ ಕರೆಂಟಿನ ಜೊತೆಗೆ ವಾರಕ್ಕೊಮ್ಮೆ ಕೀಮೋ ಔಷಧವಾದ ಸಿಸ್‌ಪ್ಲಾಟಿನ್. ಐದು ವರ್ಷದ ಕೊನೆಗೆ ರೋಗ ಮರಳದೆ ಇದ್ದವರು ಆಪರೇಷನ್ನಿನಲ್ಲಿ ನೂರಕ್ಕೆ 69.3, ಕರೆಂಟು-ಕೀಮೋದಲ್ಲಿ 76.7. ಬದುಕಿದ್ದವರ ಲೆಕ್ಕ ಮಾತ್ರ ಎರಡೂ ಕಡೆ ನೂರಕ್ಕೆ 75ರ ಆಸುಪಾಸು, ವ್ಯತ್ಯಾಸವಿಲ್ಲ. ಯೋನಿ ಒಣಗುವುದು, ಬಿಗಿಯುವುದು ಕರೆಂಟಿನ ಗುಂಪಿನಲ್ಲಿ ಹೆಚ್ಚಿತ್ತು. ಅದನ್ನು ಮುಚ್ಚಿಡಬಾರದು, ಚಿಕಿತ್ಸೆಗೆ ಮುಂಚೆಯೇ ಗಂಡ-ಹೆಂಡತಿ ಇಬ್ಬರಿಗೂ ಹೇಳಬೇಕು. ಆದರೆ ಎರಡನೆಯ ಹಂತದ ಕೊನೆಯವರಿಗೂ ದೊಡ್ಡ ಗಡ್ಡೆಯವರಿಗೂ ಯಾವುದು ಮೊದಲು ಎಂಬುದು ಇತ್ಯರ್ಥವಾಯಿತು. ಯೂರೋಪಿನಲ್ಲಿ ಇದೇ ಪ್ರಶ್ನೆ ಇಟ್ಟುಕೊಂಡು ನಡೆದ ಅಧ್ಯಯನದಲ್ಲೂ ಚಾಕು ಗೆಲ್ಲಲಿಲ್ಲ. ನಾನು ಕಲಿತ ವಿದ್ಯೆ ಇಲ್ಲಿ ಹಿಂದೆ ನಿಲ್ಲಬೇಕು ಎಂದು ಒಪ್ಪಿಕೊಂಡೆ. ಆ 635 ಮಂದಿಯ ಹೆಸರು ನಮಗೆ ಗೊತ್ತಿಲ್ಲ, ಅವರ ಋಣ ಮಾತ್ರ ನಮ್ಮ ಎಲ್ಲರ ಮೇಲಿದೆ.

ಇನ್ನೂ ಹಬ್ಬಿದ ಮೂರನೆಯ ಹಂತ, ಕೊಪ್ಪಳದ ತಾಯಿಗಿದ್ದಂಥದ್ದು? ಅದೇ ಆಸ್ಪತ್ರೆಯಲ್ಲಿ 850 ಮಂದಿಯ ಮೇಲೆ ನಡೆದ ಇನ್ನೊಂದು ಅಧ್ಯಯನ ಹೇಳುತ್ತದೆ: ಬರೀ ಕರೆಂಟು ಕೊಟ್ಟಾಗ ಐದು ವರ್ಷಕ್ಕೆ ನೂರಕ್ಕೆ 46 ಮಂದಿ ಬದುಕಿದ್ದರು, ಜೊತೆಗೆ ಸಿಸ್‌ಪ್ಲಾಟಿನ್ ಸೇರಿಸಿದಾಗ 54. ಎಲುಬಿನ ಗೋಡೆಗೆ ಅಂಟಿದ ಕ್ಯಾನ್ಸರಿನಲ್ಲಿ, ಒಂದು ಹೊಲಿಗೆಯೂ ಇಲ್ಲದೆ, ಅರ್ಧಕ್ಕಿಂತ ಹೆಚ್ಚು ಹೆಂಗಸರು ಐದು ವರ್ಷ ಕಂಡಿದ್ದಾರೆ. ‘ಕೈ ಮೀರೇತೇನ್ರಿ’ ಎಂದು ಕೇಳಿದ ಮಗನಿಗೆ ನಾನು ಈ ಲೆಕ್ಕವನ್ನೇ ಮೊದಲು ಹೇಳಬೇಕಿತ್ತು. ಈಚೆಗೆ, 2024ರಲ್ಲಿ, ಕರೆಂಟಿಗೆ ಮುಂಚೆ ಆರು ವಾರ ಲಘು ಕೀಮೋ ಕೊಟ್ಟರೆ ಇನ್ನೂ ಒಳ್ಳೆಯದು ಎಂದು ಭಾರತವೂ ಸೇರಿ ಹಲವು ದೇಶಗಳ 500 ಹೆಂಗಸರ ಅಧ್ಯಯನ ತೋರಿಸಿತು. ಐದು ವರ್ಷದ ಬದುಕು ನೂರಕ್ಕೆ 72 ಇದ್ದದ್ದು 80ಕ್ಕೆ ಏರಿತು. ಇಲ್ಲೂ ಮುಖ್ಯ ಕೆಲಸ ಕರೆಂಟಿನದೇ.

ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸುವ ಸಂಗತಿಗೆ ಬರುತ್ತೇನೆ. ನಮ್ಮ ಕಡೆ ಬಿಳಿ ಸೆರಗು ಎಂದರೂ, ಹೆಚ್ಚು ಮುಟ್ಟು ಎಂದರೂ, ಬರೀ ಟೊಂಕ ನೋವು ಎಂದರೂ ಚೀಲ ತೆಗೆಸುವುದು ಮಾಮೂಲಿಯಾಗಿದೆ. ಮಕ್ಕಳಾಗಿವೆ, ಇನ್ನೇನು ಬೇಕು ಎಂಬ ಮಾತು ಬೇರೆ. ಎಷ್ಟೋ ಕಡೆ ಆಪರೇಷನ್ನಿಗೆ ಮುಂಚೆ ಯೋನಿಗೆ ಸ್ಪೆಕ್ಯುಲಮ್ ಹಾಕಿ ಕೊರಳನ್ನು ಕಣ್ಣಾರೆ ನೋಡಿಯೇ ಇರುವುದಿಲ್ಲ. ತೆಗೆದ ಗರ್ಭಕೋಶವನ್ನು ಲ್ಯಾಬಿಗೂ ಕಳಿಸಿರುವುದಿಲ್ಲ. ಮನೆಯವರಿಗೆ ತಟ್ಟೆಯಲ್ಲಿಟ್ಟು ತೋರಿಸಿ ಮುಗಿಸುತ್ತಾರೆ. ಕೆಲವು ತಿಂಗಳ ಮೇಲೆ ಆಕೆ ಮತ್ತೆ ರಕ್ತಸ್ರಾವವೆಂದು ನಮ್ಮ ಹತ್ತಿರ ಬಂದಾಗ ಒಳಗೆ ಕ್ಯಾನ್ಸರನ್ನು ಸೀಳಿಕೊಂಡೇ ಚಾಕು ಹೋಗಿತ್ತೆಂದು ಗೊತ್ತಾಗುತ್ತದೆ. ಕರಿಕೆ ಇರುವ ಹೊಲಕ್ಕೆ ಕುಂಟೆ ಹೊಡೆದರೆ ಏನಾಗುತ್ತದೆ ಎಂದು ರೈತರಿಗೆ ಹೇಳಬೇಕಾಗಿಲ್ಲ. ಒಂದು ಬೇರು ತುಂಡಾಗಿ ಹತ್ತು ಕಡೆ ಚಿಗುರುತ್ತದೆ. ಆಪರೇಷನ್ನಿಗೆ ಮುಂಚೆ ಬೇಕಾಗಿದ್ದದ್ದು ಐದು ನಿಮಿಷದ ಒಂದು ಪರೀಕ್ಷೆ, ಅನುಮಾನವಿದ್ದರೆ ಕಾಳಿನಷ್ಟು ಮಾಂಸ ತೆಗೆದು ಬಯಾಪ್ಸಿ. ಇದನ್ನು ಮಾಡದೆ ಗರ್ಭಕೋಶಕ್ಕೆ ಚಾಕು ಹಾಕುವುದು ತಪ್ಪು. ನನ್ನ ವೃತ್ತಿಯವರು ಯಾರಾದರೂ ಕೇಳುತ್ತಿದ್ದರೆ ಅವರಿಗೂ ಇದನ್ನೇ ಹೇಳುತ್ತೇನೆ.

ಹಾಗಾದರೆ ಬೆಳೆದ ಕ್ಯಾನ್ಸರಿನಲ್ಲಿ ನನ್ನಂಥವರಿಗೆ ಕೆಲಸವೇ ಇಲ್ಲವೆ? ಇದೆ. ಮೂತ್ರನಾಳ ಮುಚ್ಚಿ ಎರಡೂ ಕಿಡ್ನಿ ನಿಲ್ಲುವ ಸ್ಥಿತಿಗೆ ಬಂದವರಿಗೆ ಮೊದಲು ಬೆನ್ನಿನಿಂದ ಕೊಳವೆ ಹಾಕಿಯೋ, ನಾಳದೊಳಗೆ ಸ್ಟೆಂಟ್ ಇಟ್ಟೋ ಮೂತ್ರಕ್ಕೆ ದಾರಿ ಮಾಡಿಕೊಡಬೇಕು. ಕಿಡ್ನಿ ಚೇತರಿಸಿಕೊಂಡರೆ ಮಾತ್ರ ಸಿಸ್‌ಪ್ಲಾಟಿನ್ ಕೊಡಲು ಬರುತ್ತದೆ. ಗುದನಾಳಕ್ಕೂ ಯೋನಿಗೂ ತೂತು ಬಿದ್ದು ಮಲ ಅಲ್ಲಿಂದ ಬರತೊಡಗಿದರೆ ದೊಡ್ಡ ಕರುಳನ್ನು ಹೊಟ್ಟೆಯ ಮೇಲೆ ತಂದು ಚೀಲ ಕಟ್ಟುತ್ತೇವೆ. ಕೇಳಲು ಕಷ್ಟ, ಆದರೆ ಆ ಹೆಂಗಸು ಮತ್ತೆ ನಾಲ್ಕು ಜನರ ನಡುವೆ ಕೂರುವಂತಾಗುತ್ತಾಳೆ. ಮೂವತ್ತು ಮೂವತ್ತೈದರ ಹರೆಯದವಳಾದರೆ ಕರೆಂಟು ಬೀಳುವ ಜಾಗದಿಂದ ಅಂಡಾಶಯಗಳನ್ನು ಮೇಲಕ್ಕೆ ಸರಿಸಿ ಹೊಲಿದು ಇಡಬಹುದು. ಮಕ್ಕಳಾಗುವುದಿಲ್ಲ, ಆದರೆ ಹರೆಯದಲ್ಲೇ ಮುಟ್ಟು ನಿಂತವರ ಬಿಸಿ, ಎಲುಬಿನ ಸವೆತ ತಪ್ಪಬಹುದು. ಈ ಮಾತನ್ನು ಕರೆಂಟು ಶುರುವಾಗುವ ಮೊದಲೇ ಕೇಳಬೇಕು, ಆಮೇಲೆ ಕೇಳಿ ಪ್ರಯೋಜನವಿಲ್ಲ.

ಇನ್ನೊಂದು ಕೆಲಸ ದೊಡ್ಡದು. ಪೂರ್ತಿ ಕರೆಂಟು ಮುಗಿದು, ಕೆಲವು ತಿಂಗಳೋ ವರ್ಷವೋ ಚೆನ್ನಾಗಿದ್ದು, ಗಡ್ಡೆ ಅದೇ ನಡುಜಾಗದಲ್ಲಿ ಮಾತ್ರ ಮತ್ತೆ ಬಂದರೆ ಎರಡನೆಯ ಸಲ ಅಷ್ಟೇ ಕರೆಂಟು ಕೊಡಲಾಗುವುದಿಲ್ಲ. ಅಲ್ಲಿ ಗುಣಪಡಿಸುವ ಆಸೆ ಉಳಿದಿರುವುದು ಚಾಕುವಿನಲ್ಲೇ. ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಬ್ರುನ್ಶ್ವಿಗ್ 1948ರಲ್ಲಿ ಇದನ್ನು ಜಗತ್ತಿಗೆ ತಿಳಿಸಿದರು. ಗರ್ಭಕೋಶ, ಯೋನಿ, ಮೂತ್ರಕೋಶ, ಗುದನಾಳ ಎಲ್ಲವನ್ನೂ ಒಟ್ಟಿಗೆ ತೆಗೆಯುವ ಆಪರೇಷನ್. ಪೆಲ್ವಿಕ್ ಎಕ್ಸೆಂಟರೇಷನ್ ಎಂದು ಹೆಸರು. ಅವರ ಮೊದಲ 22 ರೋಗಿಗಳಲ್ಲಿ ಐವರು ಆಪರೇಷನ್ನಿನಿಂದಲೇ ತೀರಿಕೊಂಡರು. ಎರಡು ವರ್ಷದ ಮೇಲೆ ಬ್ರಿಕರ್ ಎಂಬ ಇನ್ನೊಬ್ಬ ಸರ್ಜನ್ ಸಣ್ಣ ಕರುಳಿನ ಒಂದು ತುಂಡನ್ನೇ ಮೂತ್ರದ ಹಾದಿಯಾಗಿ ಮಾಡುವುದನ್ನು ಕಲಿಸಿದ ಮೇಲೆ ಇದು ಎಷ್ಟೋ ಸುರಕ್ಷಿತವಾಯಿತು. ಇವತ್ತು ಸರಿಯಾಗಿ ಆರಿಸಿ ಮಾಡಿದರೆ ನೂರರಲ್ಲಿ 30ರಿಂದ 50 ಮಂದಿ ಐದು ವರ್ಷ ಬದುಕುತ್ತಾರೆ. ಆ ಆಯ್ಕೆಯೇ ಕಷ್ಟ. ಒಂದು ಕಾಲು ಬಾತಿದ್ದು, ತೊಡೆಯ ಹಿಂದೆ ಇಳಿಯುವ ನೋವಿದ್ದು, ಅದೇ ಕಡೆಯ ಕಿಡ್ನಿ ಊದಿದ್ದರೆ ರೋಗ ಗೋಡೆ ಮುಟ್ಟಿದೆ ಎಂದರ್ಥ, ಆಪರೇಷನ್ ಬೇಡ. ಹೊಟ್ಟೆ ತೆರೆದ ಮೇಲೆ ಆಚೆಗೆ ಹಬ್ಬಿದ್ದು ಕಂಡರೆ ಅಲ್ಲಿಗೇ ನಿಲ್ಲಿಸಿ ಹೊಲಿದುಬಿಡುತ್ತೇವೆ.

ನಾನು ಈ ಆಪರೇಷನ್ ಮಾಡಿದ್ದು ಬೆರಳೆಣಿಕೆಯಷ್ಟು ಸಲ. ಒಬ್ಬಾಕೆಗೆ ನಲವತ್ತೊಂದು ವಯಸ್ಸು. ಹತ್ತು ತಾಸಿನ ಆಪರೇಷನ್, ಹೊಟ್ಟೆಯ ಮೇಲೆ ಎರಡು ಚೀಲ, ಒಂದು ಮಲಕ್ಕೆ, ಒಂದು ಮೂತ್ರಕ್ಕೆ. ದಾಂಪತ್ಯ ಮೊದಲಿನಂತೆ ಇರುವುದಿಲ್ಲ ಎಂದು ಮೂರು ಸಲ ಕೂರಿಸಿ ಹೇಳಿದ್ದೆ. ಆಕೆ ಗಂಡನ ಮುಖ ನೋಡಲಿಲ್ಲ, ನನ್ನ ಮುಖ ನೋಡಿ ‘ಸಣ್ಣಾಕಿ ಈ ವರ್ಷ ಎಸ್ಸೆಸ್ಸೆಲ್ಸಿ ಅದಾಳ್ರಿ ಬಾಯಾರ, ಆಕಿ ಕೂಡ ಇನ್ನ ಬಾಳ ಕೆಲಸ ಐತಿ ನಂದು’ ಅಂದರು. ಆರು ವರ್ಷವಾಯಿತು. ರೊಟ್ಟಿ ಬಡಿದು ಮಾರುತ್ತಾರೆ. ಚೀಲ ಬದಲಿಸುವುದನ್ನು ಹೊಸದಾಗಿ ಚೀಲ ಬಂದವರಿಗೆ ಬಂದು ಕಲಿಸಿಕೊಟ್ಟು ಹೋಗುತ್ತಾರೆ.

ರೋಗ ಶ್ವಾಸಕೋಶ, ಎಲುಬುಗಳವರೆಗೆ ಹೋದವರಿಗೆ ಯಾವ ದೊಡ್ಡ ಆಪರೇಷನ್ನೂ ಮಾಡಬಾರದು. ಅವರಿಗೆ ಔಷಧ, ರಕ್ತ ನಿಲ್ಲಿಸಲು ನಾಲ್ಕಾರು ದಿನದ ಕರೆಂಟು, ನೋವಿಗೆ ಮಾರ್ಫಿನ್. ನೋವು ನುಂಗಿಕೊಂಡು ಇರಬೇಕಾಗಿಲ್ಲ.

ಈಗ ಚಿಕಿತ್ಸೆ ಶುರುಮಾಡಿದವರಿಗೆ. ಹೊರಗಿನ ಕರೆಂಟು, ಒಳಗಿನ ಕರೆಂಟು ಎರಡೂ ಸೇರಿ ಎಂಟು ವಾರದೊಳಗೆ ಮುಗಿಯಬೇಕು. ನಡುವೆ ಒಂದೊಂದು ದಿನ ತಪ್ಪಿದರೂ ಗಡ್ಡೆ ಮತ್ತೆ ಚೇತರಿಸಿಕೊಳ್ಳುತ್ತದೆ. ಸುಗ್ಗಿ ಬಂತು, ಜಾತ್ರೆ ಬಂತು, ಮೊಮ್ಮಗನ ಜವಳ ಎಂದು ಊರಿಗೆ ಹೋಗಿ ಎರಡು ವಾರ ಕಳೆದು ಬರುವ ತಾಯಂದಿರನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ರಕ್ತ ನಿಂತಿತು, ಗುಣವಾಯಿತು ಎಂದುಕೊಂಡು ಒಳಗಿನ ಕರೆಂಟಿಗೆ ಬಾರದವರೂ ಇದ್ದಾರೆ. ಅವರಲ್ಲಿ ರೋಗ ಮರಳುವುದು ಹೆಚ್ಚು. ರಕ್ತ ಕಡಿಮೆಯಿದ್ದರೆ ಕರೆಂಟು ಚೆನ್ನಾಗಿ ಹತ್ತುವುದಿಲ್ಲ, ಹಾಗಾಗಿ ರಕ್ತ ಏರಿಸಿಕೊಳ್ಳಿ ಎಂದರೆ ಹಿಂಜರಿಯಬೇಡಿ. ಮನೆಯವರು ಇಬ್ಬರು ರಕ್ತ ಕೊಟ್ಟರೆ ಸಾಕು. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆ ಇದೆ, ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಸಿಗುತ್ತದೆ. ಚಿಕಿತ್ಸೆಗೆ ಓಡಾಡುವ ಕ್ಯಾನ್ಸರ್ ರೋಗಿಗೂ ಜೊತೆಗಾರರಿಗೂ ರೈಲಿನಲ್ಲಿ ರಿಯಾಯಿತಿ ಇದೆ. ಆಸ್ಪತ್ರೆಯಲ್ಲಿ ಅದರ ಪತ್ರ ಕೇಳಿ ಪಡೆಯಿರಿ. ಎತ್ತು ಮಾರುವ ಮೊದಲು ಇವನ್ನೆಲ್ಲ ವಿಚಾರಿಸಿ.

ಲಸಿಕೆಯ ಮಾತು, ಮೂವತ್ತು ದಾಟಿದ ಹೆಂಗಸರೆಲ್ಲ ಮಾಡಿಸಿಕೊಳ್ಳಬೇಕಾದ ಎಚ್‌ಪಿವಿ ಪರೀಕ್ಷೆಯ ಮಾತು ಇದಕ್ಕಿಂತ ದೊಡ್ಡದು. ಅದಕ್ಕೆ ಇನ್ನೊಂದು ದಿನ ಬರುತ್ತೇನೆ.

ಇವತ್ತು ನನ್ನ ಕೇಳಿಕೆ ಇಷ್ಟೇ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಗಂಡನ ಜೊತೆ ಸೇರಿದ ಮೇಲೆ ರಕ್ತ ಕಂಡರೆ, ಬಿಳಿ ಸೆರಗಿಗೆ ದುರ್ವಾಸನೆ ಬಂದರೆ ನಾಚಿಕೆ ಬದಿಗಿಟ್ಟು ಅದೇ ವಾರ ತೋರಿಸಿಕೊಳ್ಳಿ. ಗರ್ಭಕೋಶ ತೆಗೆಯೋಣ ಎಂದು ಯಾರಾದರೂ ಹೇಳಿದರೆ, ‘ಕೊರಳು ನೋಡಿದಿರಾ, ಬಯಾಪ್ಸಿ ಬೇಕಾ’ ಎಂದು ಕೇಳಿ. ತೆಗೆದ ಮೇಲೆ ಲ್ಯಾಬಿನ ವರದಿ ಕೈಗೆ ತೆಗೆದುಕೊಳ್ಳದೆ ಮನೆಗೆ ಹೋಗಬೇಡಿ. ಇನ್ನು ಮಕ್ಕಳಿಗೆ, ಗಂಡಂದಿರಿಗೆ, ಅಣ್ಣತಮ್ಮಂದಿರಿಗೆ ಒಂದು ಮಾತು. ಕ್ಯಾನ್ಸರ್ ವೈದ್ಯರು ‘ಇದಕ್ಕೆ ಆಪರೇಷನ್ ಬೇಡ’ ಅಂದ ದಿನ ತಾಯಿಯ ಕೈ ಹಿಡಿದು ಎದ್ದು ಹೊರಡಬೇಡಿ. ಅಲ್ಲೇ ಕೂತು ಕೇಳಿ: ‘ಕರೆಂಟು ಯಾವತ್ತಿನಿಂದ ಶುರು?’